ತರೀಕೆರೆಯ ಕಣ್ಣಿನ ಸಿಸ್ಟರ್ ಬಳಿಗೆ

ಬೆಳಿಗ್ಗೆ ಆರೂವರೆಗೆ ಕಡೂರಿನ ಬಸ್ ನಿಲ್ದಾಣದಲ್ಲಿದ್ದೆ. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವಳಿಗೆ ಹೊತ್ತು ಮೀರಿ ಮಲಗುವುದು ಆಗದ ಕೆಲಸ. ಬಸ್ಸು ಮಾತ್ರ ಹದಿನೈದು ನಿಮಿಷ ತಡ. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು ಕುಳಿತೆ. ಚೀಲದಲ್ಲಿ ನಾಲ್ಕು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ನೀರಿನ ಬಾಟಲಿ.

ಹೊರಟದ್ದು ಒಂದು ಫೋನ್ ಕರೆಯಿಂದ. ತರೀಕೆರೆಯ ಕಣ್ಣಿನ ಆಸ್ಪತ್ರೆಯಿಂದ ಸಿಸ್ಟರ್ ಮುಬೀನಾ ಎಂಬಾಕೆ ಮಾತಾಡಿದ್ದರು. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಕಳೆಯುವ ಗ್ಲಾಕೋಮಾದ ರೋಗಿಗಳನ್ನು ನೋಡಿಕೊಳ್ಳಲೆಂದೇ ತರಬೇತಿ ಪಡೆದ ನರ್ಸ್. "ನಿಮ್ಮಕ್ಕ ನಾಲ್ಕು ತಿಂಗಳಿಂದ ಬಂದಿಲ್ಲ ಮೇಡಂ. ಕಣ್ಣಿನ ಡ್ರಾಪ್ಸೂ ಹಾಕ್ತಿಲ್ಲವಂತೆ. ಮಗ ಕರೆದ್ರೆ ಬರಲ್ವಂತೆ. ನೀವು ಕರೆದ್ರೆ ಬರ್ತಾರೆ ಅಂತ ಮಗನೇ ಅಂದ್ರು." ಬಾರದ ರೋಗಿಯನ್ನು ಹುಡುಕಿ ಫೋನ್ ಮಾಡುವ ಆಸ್ಪತ್ರೆಯೂ ಇದೆಯೇ ಎಂದು ನನಗೆ ಕುತೂಹಲವಾಯಿತು.

ಎಂಟೂಕಾಲಿಗೆ ಅಜ್ಜಂಪುರ. ಎಳೆಬಿಸಿಲು, ತಣ್ಣನೆ ಗಾಳಿ, ರಸ್ತೆ ಬದಿಯಲ್ಲಿ ಈರುಳ್ಳಿ ಚೀಲಗಳ ಸಾಲು. ಅಕ್ಕ ಆಗಷ್ಟೇ ಪೂಜೆ ಮುಗಿಸಿದ್ದಳು. ದಿನವೂ ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ರೆಪ್ಪೆ ಮಿಟುಕಿಸದೆ ನೋಡುತ್ತ ಕೂರುವವಳು ಅವಳು.

"ಡ್ರಾಪ್ಸ್ ಹಾಕೋದು ಯಾಕೆ ಬಿಟ್ಟೆ?" ಎಂದೆ.

"ಲೇ, ನಾನೇನ್ ನಿನ್ನ ಹಾಸ್ಟೆಲ್ ಹುಡುಗಿನೇನೇ, ಬಾಗ್ಲಲ್ಲೇ ಹಾಜರಿ ತಗೋತೀಯ? ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಉರಿಯೋದೊಂದು ಹೆಚ್ಚು. ಅಂಗೈಲಿರೋ ಲಿಂಗ ಕಾಣ್ತದೆ, ಮೇಲಿಟ್ಟ ಪತ್ರೆ ಗೀರೂ ಕಾಣ್ತದೆ. ಕಣ್ಣಿಗೆ ಇನ್ನೇನು ಬಂತು ರೋಗ?"

ಹಾಗೆಂದು ಒಳಗೆ ಹೊರಟವಳ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ತೋಳಿನಲ್ಲಿ ಹಳೆಯ ಕಲೆಗಳೂ ಇದ್ದವು. ಸೀರೆ ಬದಲಿಸಲು ಹತ್ತು ನಿಮಿಷ ಕೊಟ್ಟೆ.

ತರೀಕೆರೆಗೆ ಖಾಸಗಿ ಬಸ್ಸು, ತಲಾ ಮೂವತ್ತು ರೂಪಾಯಿ. ಹತ್ತು ಗಂಟೆಗೆ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ನೋಡಿದ್ದು ಐದು ನಿಮಿಷ. ಪಕ್ಕದ ಕೋಣೆಯಲ್ಲಿ ಸಿಸ್ಟರ್ ಮುಬೀನಾ ಕೊಟ್ಟದ್ದು ಮುಕ್ಕಾಲು ಗಂಟೆ. ನಲವತ್ತರ ಆಸುಪಾಸಿನ ಹೆಂಗಸು, ತರೀಕೆರೆಯವರೇ. ಕಣ್ಣಿನ ಒತ್ತಡ ಅಳೆದು ಬರೆದುಕೊಂಡರು. ಬೈಯುತ್ತಾರೆಂದು ಕಾದಿದ್ದೆ, ಬೈಯಲಿಲ್ಲ.

"ಪೂಜೆಲಿ ಕೈ ಹೆಂಗೆ ಹಿಡೀತೀರಮ್ಮ? ಲಿಂಗ ತೆಗೀಬೇಡಿ. ಬರೀ ಅಂಗೈ ಹಿಡೀರಿ."

"ನಿಂಗೆ ಅದೆಲ್ಲಾ ಹೆಂಗೆ ಗೊತ್ತವ್ವಾ?"

"ಪಕ್ಕದ್ಮನೆ ಅಜ್ಜಿ ಹಿಡಿಯೋದು ನೋಡ್ಕೊಂಡೇ ಬೆಳೆದೋಳು ನಾನು."

ಅಕ್ಕ ಬಲಗೈಯಿಂದ ಬಲಗಣ್ಣು ಮುಚ್ಚಿ, ಎಡ ಅಂಗೈಯ ನಡುವೆ ದೃಷ್ಟಿ ಇಟ್ಟಳು. ಸಿಸ್ಟರ್ ಕೆಂಪು ಟೋಪಿಯ ಪೆನ್ನೊಂದನ್ನು ಎಡಗಡೆಯಿಂದ ನಿಧಾನವಾಗಿ ತಂದರು. ನಾನೂ ಹಿಂದಿನ ಕುರ್ಚಿಯಲ್ಲಿ ಹಾಗೆಯೇ ಕೈ ಹಿಡಿದು ನೋಡಿದೆ. ಪೆನ್ನು ಅಕ್ಕನ ಭುಜದ ನೇರಕ್ಕೆ ಬಂದಾಗಲೇ ನನಗೆ ಕಂಡಿತು. ಅವಳು "ಹ್ಞಾ, ಬಂತು" ಎಂದಾಗ ಅದು ಅವಳ ಹೆಬ್ಬೆರಳಿಗೆ ತಾಗುವಂತಿತ್ತು.

"ಈಗ ತಂದ್ಯಾ?"

"ಆಗಿಂದ್ಲೂ ಇಲ್ಲೇ ಇತ್ತಮ್ಮ. ಈ ರೋಗ ಅಂಚಿಂದ ತಿನ್ಕೊಂಡು ಬರ್ತದೆ, ನಡುವಿಂದು ಕಡೇಗೆ. ಹೋಗಿರೋದು ವಾಪಸ್ ಬರಲ್ಲ. ಡ್ರಾಪ್ಸ್ ಇರೋದು ಅಂಗೈ ಉಳಿಸ್ಕೊಳ್ಳೋಕೆ."

ಅಕ್ಕ ಅಂಗೈ ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯುವುದನ್ನು ಸಿಸ್ಟರ್ ನೀರಿನ ಹನಿಯಲ್ಲಿ ಅವಳಿಂದಲೇ ಮಾಡಿಸಿದರು. ರಸ್ತೆ ದಾಟುವಾಗ ಕಣ್ಣಷ್ಟೇ ಅಲ್ಲ, ಕತ್ತನ್ನೂ ಪೂರ್ತಿ ಎರಡೂ ಕಡೆ ತಿರುಗಿಸಬೇಕೆಂದರು. ಆಮೇಲೆ ನನ್ನ ಕಡೆ ನೋಡಿದರು. "ಒಡಹುಟ್ಟಿದವರಿಗೂ ಬರಬಹುದು. ನೀವು ಯಾವಾಗ ತೋರ್ಸಿದ್ರಿ ಮೇಡಂ?" ತೋರಿಸಿರಲಿಲ್ಲ.

"ಈಗ ಇವಳ ಹಾಜರಿ ತಗೊಳ್ಳವ್ವ," ಎಂದಳು ಅಕ್ಕ. ನನ್ನ ಕಣ್ಣಿನ ಒತ್ತಡ ಸರಿಯಿತ್ತು. ವರ್ಷಕ್ಕೊಮ್ಮೆ ಬರಬೇಕಂತೆ.

ಔಷಧಿ ಚೀಟಿ ಹಿಡಿದು ನಾನು ಕೆಳಗಿನ ಅಂಗಡಿಗೆ ಹೊರಟಾಗ ಸಿಸ್ಟರ್ ಬಾಗಿಲಲ್ಲಿ ತಡೆದರು. "ಅವರೇ ತಗೊಳ್ಲಿ ಬಿಡಿ. ನೀವು ಕೊಡ್ಸಿದ್ರೆ ಅದು ನಿಮ್ಮ ಔಷಧಿ ಆಗ್ತದೆ. ಹೋದ ಸಲ ಮಗ ಕೊಡ್ಸಿದ್ದು ಸೀಲೂ ಒಡೆದಿಲ್ಲವಂತೆ." ಚೀಟಿಯನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ನೋಡದೆ ಚೀಲಕ್ಕೆ ತುರುಕಿದಳು.

ನಿಲ್ದಾಣದ ಬೆಂಚಿನಲ್ಲಿ ರೊಟ್ಟಿ ತಿಂದೆವು. ಅಕ್ಕ ಒಂದಕ್ಕೇ ಸಾಕೆಂದಳು. ಹತ್ತಿರದಲ್ಲೇ ಎರಡು ಔಷಧಿ ಅಂಗಡಿಗಳಿದ್ದವು. ಎರಡರ ಕಡೆಗೂ ಅವಳು ನೋಡಲಿಲ್ಲ. ನನ್ನ ನಾಲಿಗೆ ತುದಿಗೆ ಬಂದ ಮಾತನ್ನು ರೊಟ್ಟಿಯೊಡನೆ ನುಂಗಿದೆ. ಹಾಸ್ಟೆಲ್‌ನಲ್ಲಿ ಅಷ್ಟು ವರ್ಷ ಇಂಥ ಶಿಸ್ತು ನನಗೆ ಬೇಕಾಗಿರಲಿಲ್ಲ.

ಅಜ್ಜಂಪುರದ ಮೇಲೆ ಬೀರೂರಿಗೆ ಹೋಗುವ ಬಸ್ಸು ಸಿಕ್ಕಿತು; ಅಲ್ಲಿಂದ ಕಡೂರು ಹತ್ತಿರ. ದಾರಿಯಲ್ಲಿ ಒಮ್ಮೆ ಅಕ್ಕ ಅಂಗೈ ಬಿಡಿಸಿ ನೋಡಿದಳು.

ಅಜ್ಜಂಪುರದಲ್ಲಿ ಇಳಿಯುವಾಗ, "ಹೋಗಿ ಬತ್ತೀನಿ ಕಣೇ" ಎಂದಷ್ಟೇ ಅಂದಳು. ಬಸ್ಸು ಇನ್ನೂ ನಿಂತಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ಮನೆಯ ಓಣಿ ಈಚೆ ಬದಿಯಲ್ಲೇ ಇತ್ತು. ರಸ್ತೆ ದಾಟುವ ಅಗತ್ಯವೇ ಇರಲಿಲ್ಲ. ಅಕ್ಕ ರಸ್ತೆಯ ಅಂಚಿನಲ್ಲಿ ನಿಂತು ಕತ್ತನ್ನು ಎಡಕ್ಕೆ ಪೂರ್ತಿ ತಿರುಗಿಸಿದಳು. ಆಮೇಲೆ ಬಲಕ್ಕೆ. ಮತ್ತೊಮ್ಮೆ ಎಡಕ್ಕೆ. ಚೀಲದಿಂದ ಚೀಟಿ ತೆಗೆದು, ರಸ್ತೆ ದಾಟಿ, ಎದುರಿನ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದಳು.