ಬೋಲ್ಟಿಗೆ ಬಣ್ಣ, ಮೋಟರಿಗೆ ಸೀಲು

ಕಳೆದ ಗುರುವಾರ ಭಟ್ಟರ ಹೋಟೆಲಿನಲ್ಲಿ ತಟ್ಟೆಯಲ್ಲಿದ್ದ ಎರಡು ಇಡ್ಲಿಗಳನ್ನು ಹಾಗೇ ಬಿಟ್ಟು ಎದ್ದುಬಂದೆ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಇಡ್ಲಿ ಕೆಟ್ಟಿತ್ತೇ? ಇಲ್ಲ. ಚಟ್ನಿ ಹಳಸಿತ್ತೇ? ಅದೂ ಇಲ್ಲ. ತಿನ್ನುವ ಮೊದಲು ಕೈ ತೊಳೆಯಲು ಒಳಗೆ ಹೋಗಿದ್ದೆ. ಅಲ್ಲಿ ಐತಪ್ಪ ರುಬ್ಬುವ ಕಲ್ಲಿನ ಮುಂದೆ ಕೂತು ಎಡಗೈಯಲ್ಲಿ ಗುಂಡು ತಿರುಗಿಸುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಬಲದ್ದು ಏಳುವುದಿಲ್ಲ ಸ್ವಾಮಿ,” ಎಂದ. “ಎಡದ್ದು ಉಂಟಲ್ಲ.”

ಐತಪ್ಪ ನನಗಿಂತ ಹತ್ತು ವರ್ಷ ಹಿರಿಯ. ಉಡುಪಿ ಕಡೆಯಿಂದ ಮುಂಬಯಿಗೆ ಬಂದಾಗಿನಿಂದ ಬೇರೆಯವರ ಇಡ್ಲಿ ದೋಸೆಗೆ ಅರೆದು ಅರೆದು ಭುಜ ಸವೆಸಿಕೊಂಡವನು. ಈ ವರ್ಷ ಭಟ್ಟರು ಬೈಕುಲ್ಲಾದ ವರ್ಕ್‌ಶಾಪೊಂದರಿಂದ ಹಳೆಯ ಮೋಟರು ತಂದು, ಕಲ್ಲಿಗೆ ಬೆಲ್ಟ್ ಜೋಡಿಸಿದ್ದರು. ಐತಪ್ಪನ ಭುಜಕ್ಕೆ ಪೆನ್ಷನ್ ಸಿಕ್ಕಿತು ಎಂದು ನಾವೆಲ್ಲ ತಮಾಷೆ ಮಾಡಿದ್ದೆವು. ಆ ಮೋಟರಿನ ಸ್ವಿಚ್ಚಿಗೆ ಈಗ ಸೀಸದ ಸೀಲು ಬಿದ್ದಿದೆ.

ಸೀಲು ಬೀಳುವಂತೆ ಮಾಡಿದವನು ಯಾರು? ನಿಮ್ಮ ಈ ಅಂಕಣಕಾರ.

ವಾರವಾರವೂ ಲೋಕಲ್ ಗಾಡಿಯ ನೂಕುನುಗ್ಗಲಿಗೂ ಚಾಳಿನ ನಲ್ಲಿ ಜಗಳಕ್ಕೂ ಬೈಯುತ್ತ ಕೂರುವ ನನಗೆ ಹೊಟ್ಟೆಪಾಡಿಗೊಂದು ನೌಕರಿಯೂ ಇದೆ ಎಂದು ಹಳೆಯ ಓದುಗರಿಗೆ ಗೊತ್ತು. ಸಾಂತಾಕ್ರೂಜಿನ ಒಂದು ವೈರ್‌ಲೆಸ್ ಸ್ಟೇಷನ್ನಿನಲ್ಲಿ ನಾನು ಮೆಕ್ಯಾನಿಕ್. (ಯಾವ ಇಲಾಖೆಯದೆಂದು ಹೇಳುವುದಿಲ್ಲ. ಸಂಬಳ ಇನ್ನೂ ಅಲ್ಲಿಂದಲೇ ಬರಬೇಕು.) ಅಂಗಳದಲ್ಲಿ ಎತ್ತರದ ಕಬ್ಬಿಣದ ಟವರು, ಪಕ್ಕದ ಕೋಣೆಯಲ್ಲಿ ದೂರದ ಸಂದೇಶ ಹಿಡಿಯುವ ರಿಸೀವರುಗಳು, ಕರೆಂಟ್ ಹೋದರೆ ಇರಲಿ ಎಂದು ಒಂದು ಡೀಸೆಲ್ ಎಂಜಿನ್. ರಸ್ತೆ ದಾಟಿದರೆ ಭಟ್ಟರ ಹೋಟೆಲು.

ತಿಂಗಳ ಹಿಂದೆ ದೊಡ್ಡ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆಂದು ಕಾಗದ ಬಂತು. ನಮ್ಮ ಸಾಹೇಬರಿಗೆ ನಿದ್ದೆ ಹೋಯಿತು. ಯಂತ್ರ ಸರಿಯಾಗಿದೆಯೇ ಎಂದು ಕೇಳಿದರೇ? ಇಲ್ಲ. ಬಣ್ಣ ತರಿಸಿದರು. ಬೆಳ್ಳಿಯ ಬಣ್ಣ, ಡಬ್ಬಗಟ್ಟಲೆ. ಗೇಟಿಗೆ, ಪೈಪಿಗೆ, ಬಕೆಟ್ಟಿಗೆ, ಟವರಿನ ಕಾಲಿಗೆ, ಎಂಜಿನ್ನಿಗೆ. ಬ್ಯಾಟರಿ ಕೋಣೆಯೊಂದು ಉಳಿಯಿತು, ಏಕೆಂದರೆ ಅದರ ಕೀಲಿ ಯಾರೋ ಕಳೆದಿದ್ದರು. (ಆ ಪುಣ್ಯಾತ್ಮನಿಗೆ ನಾನು ಋಣಿ. ಯಾಕೆಂದು ಆಮೇಲೆ ಹೇಳುತ್ತೇನೆ.)

ಬಣ್ಣ ಒಣಗಿತು. ದೊಡ್ಡ ಸಾಹೇಬರು ಮಾತ್ರ ಪ್ರವಾಸ ಮುಂದಕ್ಕೆ ಹಾಕಿದರು.

ಆ ವಾರವೇ ರಿಸೀವರಿನಲ್ಲಿ ಸದ್ದು ಶುರುವಾಯಿತು. ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ. ಬೆಳಿಗ್ಗೆ ಇಲ್ಲ. ಮಧ್ಯಾಹ್ನ ಒಂದರ ಸುಮಾರಿಗೆ ಹತ್ತಿಕೊಂಡರೆ ಸಂಜೆಯವರೆಗೆ ಬಿಡುತ್ತಿರಲಿಲ್ಲ. ಅರ್ಧ ಸಂದೇಶ ಕೇಳುತ್ತದೆ, ಅರ್ಧ ಆ ಸದ್ದಿನಲ್ಲೇ ಮುಳುಗುತ್ತದೆ. ಸಾಹೇಬರು ದಿನಕ್ಕೆ ಮೂರು ಸಲ ಬಂದು “ಕಾರಣ ಏನು? ಕಾರಣ ಏನು?” ಎಂದು ನನ್ನ ತಲೆ ತಿಂದರು.

ಒಂದು ದಿನ ಚಹಾ ಕುಡಿಯುತ್ತ ನಾನು ಕೇಳಿದೆ. “ಭಟ್ಟರ, ಈ ಮೋಟರ್ ಎಷ್ಟಕ್ಕ ಚಾಲೂ ಮಾಡ್ತೀರಿ?”

“ಮಧ್ಯಾಹ್ನದ ಊಟ ಮುಗಿದ ಮೇಲೆ. ಒಂದು, ಒಂದೂಕಾಲು. ನಾಳೆಯ ಹಿಟ್ಟು ಅಲ್ವಾ ಮಾರಾಯ್ರೆ, ಹುಳಿ ಬರಬೇಕಲ್ಲ.”

ಒಂದು ಗಂಟೆಗೆ ಮೋಟರು, ಒಂದು ಗಂಟೆಗೆ ಸದ್ದು. ಹಳೆಯ ಮೋಟರುಗಳು ಕಿಡಿ ಹಾರಿಸಿ ರೇಡಿಯೊ ಕೆಡಿಸುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ನನಗೆ ಖುಷಿಯೋ ಖುಷಿ. ಹೋಗಿ ರಿಪೋರ್ಟ್ ಬರೆದುಬಿಟ್ಟೆ.

ಐದೇ ಐದು ನಿಮಿಷ ಮೋಟರು ನಿಲ್ಲಿಸಿ, ಸದ್ದು ನಿಲ್ಲುತ್ತದೋ ನೋಡೋಣ ಎಂದು ಭಟ್ಟರನ್ನು ಕೇಳಿದೆನೇ? ಕೇಳಲಿಲ್ಲ. ಯಾಕೆ? ಬಿಸಿಲಿತ್ತು. ಮತ್ತೊಮ್ಮೆ ರಸ್ತೆ ದಾಟಬೇಕಿತ್ತು. ಇಷ್ಟೇ ಕಾರಣ, ಬರೆಯಲು ನಾಚಿಕೆಯಾಗುತ್ತದೆ.

ನನ್ನ ರಿಪೋರ್ಟಿಗೆ ಸಾಹೇಬರು ಕಣ್ಣುಮುಚ್ಚಿ ಸಹಿ ಹಾಕಿದರು. ಪತ್ರ ಕರೆಂಟ್ ಕಂಪನಿಗೆ ಹೋಯಿತು. ಅವರ ಮನುಷ್ಯ ಬಂದು ಸ್ವಿಚ್ಚಿಗೆ ತಂತಿ ಸುತ್ತಿ, ಸೀಸ ಒತ್ತಿ, ಒಂದು ಗ್ಲಾಸು ನೀರು ಕುಡಿದು ಹೋದ.

“ಎಂತ ಮಾರಾಯ್ರೆ,” ಎಂದರು ಭಟ್ಟರು, “ನಿಮ್ಮ ಪೆಟ್ಟಿಗೆಗೆ ಕೆಮ್ಮು ಬಂದರೆ ನಮ್ಮ ಕಲ್ಲಿಗೆ ಮದ್ದು ಕುಡಿಸುವುದಾ?”

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಏನಾಯಿತು? ಚಟಪಟ ಚಟಪಟ.

ಸಾಹೇಬರ ಹತ್ತಿರ ಓಡಿದೆ. ಅವರು ಫೈಲಿನಿಂದ ತಲೆಯೆತ್ತಲಿಲ್ಲ. “ಕಡಿಮೆಯಾಗಿದೆ ಅಂತ ಬರಿ,” ಎಂದರು. ಬರೆದೆ! ನನ್ನ ಈ ಕೈಯಿಂದಲೇ ಬರೆದೆ. ಅತ್ತ ಐತಪ್ಪನ ಕೈ ಮತ್ತೆ ಕಲ್ಲಿಗೆ ಹೋಯಿತು.

ಹೋದ ಮಂಗಳವಾರ ದೊಡ್ಡ ಸಾಹೇಬರು ಬಂದೇ ಬಂದರು. ಬೆಳ್ಳಿಯ ಗೇಟು ನೋಡಿ ಮೆಚ್ಚಿದರು. ಬೆಳ್ಳಿಯ ಬಕೆಟ್ಟನ್ನೂ ಮೆಚ್ಚಿದರು. ಮೂರು ಗಂಟೆಗೆ, ಅವರು ರಿಸೀವರ್ ಕೋಣೆಯಲ್ಲಿ ನಿಂತಿದ್ದಾಗ, ಪಟ್ಟನೆ ಕರೆಂಟ್ ಹೋಯಿತು.

“ನೋ ಪ್ರಾಬ್ಲಮ್ ಸರ್, ಎಂಜಿನ್ ಇದೆ,” ಎಂದರು ನಮ್ಮ ಸಾಹೇಬರು, ಮದುವೆಮನೆಯ ಯಜಮಾನನ ಗತ್ತಿನಲ್ಲಿ.

ಎಂಜಿನ್ನಿನ ಬಟನ್ ಒತ್ತಿದೆ. ಟಿಕ್ ಎಂದಿತು. ಮತ್ತೆ ಒತ್ತಿದೆ. ಮತ್ತೆ ಟಿಕ್. ಪ್ರತಿ ಸೋಮವಾರ ಎಂಜಿನ್ ಓಡಿಸಿ ನೋಡಬೇಕೆಂಬುದು ನಿಯಮ. ರಿಜಿಸ್ಟರಿನ ಪ್ರಕಾರ ಅದು ಓಡಿಯೂ ಇದೆ. ನಿಜವಾಗಿ ಬಣ್ಣ ಬಳಿದ ದಿನದಿಂದ ಓಡಿಸಿರಲಿಲ್ಲ, ಏಕೆಂದರೆ ಹೊಗೆ ಹತ್ತಿ ಬೆಳ್ಳಿ ಕಪ್ಪಾಗುತ್ತದೆಂದು ಸಾಹೇಬರ ಆರ್ಡರು. (ರಿಜಿಸ್ಟರಿನ ಸಹಿ ಯಾರದೆಂದು ಕೇಳಬೇಡಿ. ಕೇಳಿದರೆ ನನ್ನದೇ.)

ಆಗ ಕೋಣೆಯೊಳಗಿಂದ ಆ ಸದ್ದು ಕೇಳಿತು. ರಿಸೀವರುಗಳು ಬ್ಯಾಟರಿ ಕೋಣೆಯ ಕರೆಂಟಿನಲ್ಲಿ ನಡೆಯುತ್ತಿದ್ದವು. ಪೇಂಟರ್ ಕಾಲಿಡದ ಕೋಣೆ ಅದೊಂದೇ, ಕೆಲಸಕ್ಕೆ ಬಂದದ್ದೂ ಅದೊಂದೇ. ಇಡೀ ಬಡಾವಣೆಯಲ್ಲಿ ಒಂದು ಫ್ಯಾನ್ ಕೂಡ ತಿರುಗುತ್ತಿಲ್ಲ. ಒಂದು ಮೋಟರೂ ಇಲ್ಲ. ಆದರೂ ಚಟಪಟ ಚಟಪಟ! ಸದ್ದು ಹೊರಗಿನದಲ್ಲ, ನಮ್ಮ ಮನೆಯದೇ ಎಂದು ನನ್ನ ಮರಮಂಡೆಗೆ ಅಂದು ಹೊಳೆಯಿತು.

ಎಂಜಿನ್ ಸ್ಟಾರ್ಟ್ ಮಾಡಲೆಂದು ಅದರ ಪಕ್ಕದಲ್ಲೇ ಇರುವ ಬೇರೆ ಬ್ಯಾಟರಿಯ ತಂತಿ ಬಿಚ್ಚಿ ನೋಡಿದೆ. ನಮ್ಮ ಪೇಂಟರ್ ಶ್ರದ್ಧಾವಂತ. ಕಾಣುವಲ್ಲಿ ಮಾತ್ರ ಬಳಿದು ಹೋಗುವವನಲ್ಲ. ಒಂದೊಂದು ಬೋಲ್ಟು ಬಿಚ್ಚಿ, ಒಳಮೈಗೂ ದಪ್ಪಗೆ ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದ. ಲೋಹಕ್ಕೂ ಲೋಹಕ್ಕೂ ನಡುವೆ ಬಣ್ಣ ಕೂತರೆ ಕರೆಂಟ್ ದಾಟುವುದೆಲ್ಲಿಂದ? ಚಾಕುವಿನಿಂದ ಕೆರೆದೆ. ಎಂಜಿನ್ ಗುಡುಗಿತು. ದೊಡ್ಡ ಸಾಹೇಬರು ಕಾರಣ ಕೇಳದೆ ಕಾರು ಹತ್ತಿದರು.

ಚಾಕು ಹಿಡಿದೇ ಟವರಿನ ಬುಡಕ್ಕೆ ಓಡಿದೆ. ಟವರನ್ನು ನೆಲಕ್ಕೆ ಜೋಡಿಸುವ ತಾಮ್ರದ ಪಟ್ಟಿಗಳಿರುತ್ತವೆ. ಅಲ್ಲೂ ಅದೇ ಬಣ್ಣ, ಅದೇ ಶ್ರದ್ಧೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದಾಗ ಪಟ್ಟಿ ಅಲುಗಾಡುತ್ತಿತ್ತು, ಹಿಡಿತ ತಪ್ಪಿದ ಬೋಲ್ಟಿನಲ್ಲಿ ಕಿಡಿ ಹಾರುತ್ತಿತ್ತು. ಗಾಳಿ ಏಳುವುದು ಯಾವಾಗ? ಒಂದು ಗಂಟೆಗೆ. ಭಟ್ಟರ ಹಿಟ್ಟಿಗೂ ಗಾಳಿಗೂ ಒಂದೇ ಟೈಮ್, ಅಷ್ಟೇ! ಒಂದು ಗಂಟೆ ಕೂತು ಎಲ್ಲ ಪಟ್ಟಿಗಳನ್ನೂ ಕೆರೆದು ಬಿಗಿದೆ. ಗಾಳಿ ಬೀಸುತ್ತಲೇ ಇತ್ತು, ರಿಸೀವರ್ ತೆಪ್ಪಗಿತ್ತು. ಮೇಲೆ ಥಳುಕು, ಒಳಗೆ ಹುಳುಕು ಎಂದು ಧಾರವಾಡದಲ್ಲಿ ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮಲ್ಲಿ ಥಳುಕೇ ಹುಳುಕಾಗಿತ್ತು.

ಇಲ್ಲಿಗೆ ಕತೆ ಮುಗಿಯಬೇಕಿತ್ತಲ್ಲವೇ? ಬುಧವಾರ ಹೊಸ ರಿಪೋರ್ಟ್ ಬರೆದೆ. ‘ತಪ್ಪು ನಮ್ಮ ಬಣ್ಣದ್ದು. ಹೋಟೆಲಿನ ಮೋಟರಿನದಲ್ಲ. ಸೀಲು ತೆಗೆಸಬೇಕು.’

ಸಾಹೇಬರು ಮೂರೂ ಸಾಲುಗಳ ಮೇಲೆ ಕೆಂಪು ಪೆನ್ಸಿಲ್ ಎಳೆದರು. ಕೆಳಗೆ ತಾವೇ ಬರೆದರು: ‘ಮೋಟರಿಗೆ ಸೀಲು ಹಾಕಿಸಲಾಯಿತು. ಈಗ ಸದ್ದು ನಿಂತಿದೆ.’

“ಸರ್, ಇದು...”

“ಸೀಲು ಹಾಕಿದ್ದು ಸುಳ್ಳಾ? ಸದ್ದು ನಿಂತಿದ್ದು ಸುಳ್ಳಾ?”

ಎರಡೂ ನಿಜ. ನನ್ನ ಮೈ ಉರಿಯುವುದು ಇದಕ್ಕೇ. ಸುಳ್ಳಾಗಿದ್ದರೆ ಹಿಡಿದು ತೋರಿಸಬಹುದಿತ್ತು. ಎರಡು ನಿಜಗಳನ್ನು ಅಕ್ಕಪಕ್ಕ ಕೂರಿಸಿ ಒಬ್ಬ ಮುದುಕನ ಭುಜ ಮುರಿಯುವ ವಿದ್ಯೆಯನ್ನು ಇವರು ಯಾವ ಕಾಲೇಜಿನಲ್ಲಿ ಕಲಿತರು? ಇನ್ನು ಸೀಲು ತೆಗೆದರೆ, ಸದ್ದು ನಿಲ್ಲಿಸಿದ ಸೀಲನ್ನೇ ಯಾಕೆ ತೆಗೆದಿರಿ ಎಂದು ಮೇಲಿನವರು ಕೇಳುತ್ತಾರಂತೆ. ಬಣ್ಣದ ಮಾತು ಹೊರಗೆ ಬರುತ್ತದಂತೆ. ಬರಲಿ! ಬಳಿಸಿದವರು ನಾವಲ್ಲವೇ?

ಅದರ ಮರುದಿನವೇ ನಾನು ಗುರುವಾರದ ಆ ಇಡ್ಲಿ ಬಿಟ್ಟು ಎದ್ದದ್ದು. ಎದ್ದವನು ನೇರ ಕರೆಂಟ್ ಕಂಪನಿಗೆ ಹೋದೆ. ನನ್ನ ಹೆಸರು ಹಾಕಿ ಕಾಗದ ಬರೆದುಕೊಟ್ಟೆ: ಮೋಟರು ನಿರಪರಾಧಿ, ಪರೀಕ್ಷೆ ಮಾಡದೆ ದೂರಿದವನು ನಾನು. ಅಲ್ಲಿಯ ಗುಮಾಸ್ತ ಸಜ್ಜನ. ಪೂರ್ತಿ ಓದಿ ಮಡಚಿ ನನ್ನ ಕೈಗೇ ಕೊಟ್ಟ. ಖಾಸಗಿ ಕಾಗದ ನಡೆಯುವುದಿಲ್ಲವಂತೆ, ಸಾಹೇಬರ ಸಹಿ ಬೇಕಂತೆ. ನೋಡಿದಿರಾ? ನನ್ನ ಊಹೆಗೆ ಸೀಲು ಬಿತ್ತು. ನನ್ನ ತಪ್ಪೊಪ್ಪಿಗೆಗೆ ಅದು ಏಳುವುದಿಲ್ಲ.

ಭಟ್ಟರು ನನ್ನನ್ನು ಬೈಯಲೂ ಇಲ್ಲ. “ಬನ್ನಿ, ಕೂತುಕೊಳ್ಳಿ, ಕಾಫಿ ಉಂಟು,” ಎನ್ನುತ್ತಾರೆ. ಅದು ಬೈಗಳಿಗಿಂತ ಕಷ್ಟ.

ನಮ್ಮ ಸಾಹೇಬರಿಗೆ ಕನ್ನಡ ಬಾರದು. ಆದರೆ ಅವರ ಹೆಡ್‌ಕ್ಲರ್ಕ್ ಬೆಳಗಾವಿಯವರು, ಈ ಅಂಕಣ ತಪ್ಪದೆ ಓದುತ್ತಾರೆ. ರಾಯರೇ, ದಯವಿಟ್ಟು ಮುಂದಿನ ಸಾಲನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ.

ಸಾಹೇಬರೇ, ಐತಪ್ಪನಿಗೆ ಉಳಿದಿರುವುದು ಒಂದೇ ಕೈ, ನಿಮಗೆ ಒಂದು ಸಹಿ ಹಾಕಲು ಎಷ್ಟು ಕೈ ಬೇಕು?