ಚಾಚಾನ ಸ್ಪೀಕರ್ ಹರಿದಿರಲಿಲ್ಲ

ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡಲು ಚಾಚಾ ಅದನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಜೀವ ಇದ್ದರೆ ಎಡಗಣ್ಣು ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಮೀಟರು ಪಕ್ಕದಲ್ಲೇ ಬಿದ್ದಿರುತ್ತಿತ್ತು. "ಅದಕ್ಕೂ ಬ್ಯಾಟರಿ ಬೇಕಲ್ಲವ್ವಾ, ನಾಲಿಗಿಗಿ ಬ್ಯಾಡ" ಎನ್ನುತ್ತಿದ್ದರು.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ಎಲ್ಲರಿಗೂ ಅವರು ಚಾಚಾ, ನನಗೂ. ಮದುವೆ, ಉರುಸು, ಮಠದ ಪುರಾಣ, ಶಾಲೆಯ ಗ್ಯಾದರಿಂಗ್ ಯಾವುದೇ ಇರಲಿ, ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದುದು ಒಂದೇ ಕಾರಣಕ್ಕೆ: ಅವರ ಸೆಟ್ಟಿನಲ್ಲಿ ಮಾತು ಒಡೆಯುತ್ತಿರಲಿಲ್ಲ. ಕೊನೆಯ ಸಾಲಿನ ಮುದುಕಿಗೂ ಶಬ್ದ ಶಬ್ದ ಬಿಡಿಸಿದಂತೆ ಕೇಳುತ್ತಿತ್ತು. ಆ ಹೆಸರನ್ನು ಅವರು ನಲವತ್ತು ವರ್ಷ ಕಾಪಾಡಿಕೊಂಡಿದ್ದರು. ಅದು ಹೋದದ್ದು ನನ್ನಿಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಸಹಪಾಠಿಯೊಬ್ಬಳಿಂದ ಹಳೆಯ ಗಿಟಾರ್, ಅದರ ದನಿ ಹಿಗ್ಗಿಸುವ ಹತ್ತು ವ್ಯಾಟಿನ ಪುಟ್ಟ ಆಂಪ್ ಮತ್ತು ಒಂದು ಡಿಸ್ಟಾರ್ಷನ್ ಪೆಡಲ್ ಕೊಂಡಿದ್ದೆ. ಕಾಲಿನಿಂದ ಒತ್ತಿದರೆ ತಂತಿಯ ದನಿಯನ್ನು ಒಡೆದು ಗರಗರ ಮಾಡುವ ಡಬ್ಬಿ ಅದು. ನಾನು ಜೋಡಿಸಿದಾಗ ಬಂದದ್ದು ಸಂಗೀತವಲ್ಲ, ಚೀಲದೊಳಗೆ ಸಿಕ್ಕ ಜೇನುಹುಳದ ಗದ್ದಲ. ಮೂರನ್ನೂ ಚಾಚಾನ ಅಂಗಡಿಯಲ್ಲಿಟ್ಟು, ಸರಿಮಾಡಿ ಕೊಡಿ ಎಂದಷ್ಟೇ ಹೇಳಿ ಬಂದೆ. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ.

ಎರಡು ದಿನ ಬಿಟ್ಟು ಹೋದರೆ ಅವರ ಮುಖದಲ್ಲಿ ಗೆದ್ದ ಕಳೆ. "ರಿಪೇರಿ ಆತು ನೋಡು. ಒಳಗ ಎರಡು ಡಯೋಡ್ ಕುಂತು ಆವಾಜ್ ಕತ್ತರಸಲಿಕತ್ತಿದ್ವು. ಕಿತ್ತು ಒಗದೀನಿ."

ಪೆಡಲ್ ಒತ್ತಿದೆ. ದನಿ ಹಾಲಿನ ಹಾಗೆ ಸ್ವಚ್ಛವಾಗಿತ್ತು. ಡಿಸ್ಟಾರ್ಷನ್ ಹುಟ್ಟುವುದೇ ಆ ಎರಡು ಡಯೋಡುಗಳಿಂದ.

"ಚಾಚಾ, ಅದು ಒಡೀಲಿಕ್ಕೇ ಇರೋದು" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

ಅವರು ಸೋಲ್ಡರ್ ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಸ್ಟೂಲು ಅಲುಗಾಡುವಂತೆ ನಕ್ಕರು. "ಯಾ ಅಲ್ಲಾ! ನಲವತ್ತು ವರ್ಷ ನಾ ಈ ಗರಗರಾ ತಗೀಲಿಕ್ಕ ಕಣ್ಣು ಕಳಕೊಂಡೀನಿ. ನೀ ಇದನ್ನ ಹುಡುಕಿ ತಂದೀ?"

ಕಸದ ಡಬ್ಬಿಯಿಂದ ಡಯೋಡುಗಳನ್ನು ಆರಿಸಿ ಮತ್ತೆ ಕೂಡಿಸಿದರು. ಬಳಿಕ ಒಂದು ವಾರ, ದಿನಾ ಸಂಜೆ, ಅದನ್ನು ಜೋಡಿಸುವ ಕ್ರಮ ಕಲಿಸಿದರು, ತಾವೂ ಕಲಿತರು. ಮೊದಲು ಪೆಡಲ್ ಬಂದ್. ಆಂಪಿನ ಗೇನ್ ಕೆಳಗೆ, ಬೇಸ್ ಇನ್ನೂ ಕೆಳಗೆ. "ಸಣ್ಣ ಡಬ್ಬಿ, ಅದರ ಹೊಟ್ಟಿ ತುಂಬಿಸಬ್ಯಾಡ, ವಾಂತಿ ಮಾಡ್ಕೋತದ." ಬರಿಯ ತಂತಿಯ ದನಿ ನಿಚ್ಚಳವಾದ ಮೇಲೆಯೇ ಪೆಡಲ್. ಅದರ ಡ್ರೈವ್, ಅಂದರೆ ದನಿ ಒಡೆಯುವ ಪ್ರಮಾಣ, ಕೂದಲೆಳೆಯಷ್ಟು. ಒತ್ತಿದರೂ ಬಿಟ್ಟರೂ ಜೋರು ಒಂದೇ ಸಮ ಇರುವಂತೆ ಲೆವೆಲ್. ಎಲ್ಲ ಮುಗಿದ ಮೇಲೆ ಪೆಡಲಿಗೆ ಚುಚ್ಚಿದ ವೈರಿನ ಪಿನ್ ಕೀಳಬೇಕು, ಇಲ್ಲದಿದ್ದರೆ ಬ್ಯಾಟರಿ ಸುಮ್ಮನೆ ಇಳಿಯುತ್ತದೆ.

"ಮೊದಲ ಸಾಫ್ ಮಾಡ್ಕೋ, ಆಮ್ಯಾಲ ಕೆಡಸು" ಎನ್ನುತ್ತಿದ್ದರು. "ಸಾಫ್ ಇಲ್ಲದ್ದನ್ನ ಕೆಡಸಿದ್ರ ಅದು ಬರೇ ಹೊಲಸು."

ಆ ವರ್ಷ ಚಿತ್ತಾಪುರದಲ್ಲಿ ಒಂದು ಸಮಿತಿ ಯುವಜನರ ಕಾರ್ಯಕ್ರಮ ಇಟ್ಟುಕೊಂಡಿತ್ತು. ಮೈಕ್ ಚಾಚಾನದು. ನನ್ನ ಹೆಸರು ಕೊಟ್ಟವರೂ ಅವರೇ. ನಾನು ವೇದಿಕೆ ಹತ್ತಿದ್ದು ಅದೇ ಮೊದಲು. ಪುಟ್ಟ ಆಂಪಿನ ಮುಂದೆ ಅವರು ತಮ್ಮ ಅತ್ಯುತ್ತಮ ಮೈಕ್ ಇಟ್ಟರು. ಅರ್ಧ ನಿಮಿಷ ನಿಚ್ಚಳ ದನಿಯಲ್ಲಿ ನುಡಿಸಿ ಪೆಡಲ್ ಒತ್ತಿದೆ.

ಮುಂದಿನ ಸಾಲಿನಿಂದ ಸಮಿತಿಯ ಅಧ್ಯಕ್ಷರು ಎದ್ದೇಬಿಟ್ಟರು. "ಏ ಮುದುಕಾ, ಬಂದ್ ಮಾಡು! ಸ್ಪೀಕರ್ ಹರದದ, ಕಿವಿ ಕೇಳ್ಸಂಗಿಲ್ಲೇನು ನಿನಗ?" ಅಷ್ಟಕ್ಕೇ ಬಿಡದೆ ವೇದಿಕೆಗೆ ಬಂದು, ಚಾಚಾನ ಮೈಕಿನಲ್ಲೇ, ನಿಚ್ಚಳವಾಗಿ ಕೇಳುವಂತೆ ಹೇಳಿದರು: "ಇಂಥಾ ಗುಜರಿ ಡಬ್ಬಾ ತಂದು ನಮ್ಮ ಕಾರ್ಯಕ್ರಮ ಹಾಳ್ ಮಾಡ್ತಾರ್ರಿ." ಸಭಾಂಗಣ ನಕ್ಕಿತು. ಹರಿದ ಸ್ಪೀಕರಿನಲ್ಲಿ ಅವರ ಬೈಗುಳ ಅಷ್ಟು ಸ್ಪಷ್ಟವಾಗಿ ಹೇಗೆ ಕೇಳಿತು ಎಂದು ಒಬ್ಬರೂ ಯೋಚಿಸಲಿಲ್ಲ.

ಗರಗರ ನನ್ನದು, ನಾನೇ ಬೇಕೆಂದು ಮಾಡಿದ್ದು. ಒಂದು ವಾಕ್ಯ ಸಾಕಿತ್ತು. ಬಾಯಿ ಬರಲಿಲ್ಲ. ಚಾಚಾ ಕೈ ಮುಗಿದು, "ತಪ್ಪಾತ್ರಿ ಸಾಹೇಬ್ರ, ಸೆಟ್ ಖರಾಬ್ ಆಗ್ಯದ" ಎಂದರು.

ಮರಳುವಾಗ ಟಂಟಂ ಆಟೊದಲ್ಲಿ, ಬಾಕ್ಸುಗಳ ನಡುವೆ ಕುಳಿತು, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನಿನಗ ನಕ್ಕಿದ್ರ ನೀ ಮತ್ತ ಗಿಟಾರ್ ಮುಟ್ತಿದ್ದಿಲ್ಲವ್ವಾ. ನನಗ ನಗಲಿ ಬಿಡು. ನಾಳಿ ನಾ ಅಂಗಡಿ ತಗೀತೀನಿ."

ಮರುದಿನ ಎಂದಿನಂತೆ ಅಂಗಡಿಯ ಬಾಗಿಲು ತೆಗೆದರು. ಕರೆಯುವವರು ಕಡಿಮೆಯಾದರು. ಚಿತ್ತಾಪುರದವರು ಸೇಡಂನಿಂದ ಸೆಟ್ ತರಿಸತೊಡಗಿದರು. ಒಮ್ಮೆ ನಾನು, ಹೋಗಿ ನಿಜ ಹೇಳಿ ಬರುತ್ತೇನೆ ಎಂದಾಗ, "ಬಿಡು, ಡ್ರೈವ್ ಭಾಳ ಏರಸಬ್ಯಾಡ" ಎಂದು ನಕ್ಕರು. ನಾನೂ ಬಿಟ್ಟೆ. ಬಿಡುವುದು ನನಗೆ ಅನುಕೂಲವಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಮನೆಯಲ್ಲಿ ಹೆಂಗಸರೊಂದಿಗೆ ಒಳಗೆ ಕುಳಿತಿದ್ದೆ. ಹೊರಗೆ ಕಟ್ಟೆಯ ಮೇಲೆ ಯಾರೋ ಹೇಳುತ್ತಿದ್ದರು: "ಮನಷ್ಯಾ ಬಂಗಾರ. ಕಡೀಕ ಸೆಟ್ ಒಂದು ಕೆಟ್ಟು ಹೋಗಿತ್ತು, ಪಾಪ." ಆ "ಪಾಪ" ನನ್ನ ಮೈ ಸುಟ್ಟಿತು. ಸತ್ತವರ ಮೇಲೆ ಮಣ್ಣು ಹಾಕುವಾಗಲೂ ಆ ಸುಳ್ಳನ್ನು ಜೊತೆಗೆ ಹಾಕುತ್ತಾರಲ್ಲ!

ಮರುದಿನ ಬೆಳಿಗ್ಗೆ ಗಿಟಾರ್ ಬೆನ್ನಿಗೆ, ಆಂಪ್ ಕೈಗೆ, ಪೆಡಲ್ ಬುತ್ತಿ ಡಬ್ಬಿಗೆ ಹಾಕಿಕೊಂಡು ಮೊದಲ ರೈಲಿಗೆ ಚಿತ್ತಾಪುರಕ್ಕೆ ಹೋದೆ. ಸಮಿತಿಯ ಕಚೇರಿಯಲ್ಲಿ ಅದೇ ಅಧ್ಯಕ್ಷರು ಇಬ್ಬರು ಸದಸ್ಯರೊಂದಿಗೆ ಚಹಾ ಕುಡಿಯುತ್ತಿದ್ದರು. ಕೇಳದೆ ಗೋಡೆಯ ಪ್ಲಗ್ಗಿಗೆ ಆಂಪ್ ಜೋಡಿಸಿದೆ. ಗೇನ್ ಕೆಳಗೆ, ಬೇಸ್ ಇನ್ನೂ ಕೆಳಗೆ. ಒಂದು ತಂತಿ ಮೀಟಿದೆ. ನಿಚ್ಚಳ ದನಿ.

"ಇದು ಚಾಚಾಂದು" ಎಂದೆ. ಪೆಡಲ್ ಒತ್ತಿದೆ. ಕಿಟಕಿಯ ಗಾಜು ಗುರುಗುಟ್ಟಿತು. "ಇದು ನಂದು. ಅವತ್ತಿಂದೂ ನಂದೇ."

ಅಧ್ಯಕ್ಷರು ಚಹಾದ ಬಸಿ ಕೆಳಗಿಟ್ಟರು. "ಇದನ್ನ ಹೇಳ್ಲಿಕ್ಕ ವಾಡಿಯಿಂದ ಬಂದೀಯೇನವ್ವಾ? ಈಗ ಆಗಬೇಕಾದ್ದು ಏನು?"

"ಅವತ್ತು ಮೈಕಿನಾಗ ಅಂದಿದ್ರಿ. ಮುಂದಿನ ಕಾರ್ಯಕ್ರಮದಾಗ ಮೈಕಿನಾಗೇ ಹೇಳ್ರಿ, ಅವರ ಸೆಟ್ ಕೆಟ್ಟಿರಲಿಲ್ಲ ಅಂತ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಮುಗಿದ ಮೇಲೆ ಪಿನ್ ಕೀಳಬೇಕು ಎಂದು ಚಾಚಾ ಕಲಿಸಿದ್ದರು. ಕೆಲಸ ಇನ್ನೂ ಮುಗಿದಿರಲಿಲ್ಲ, ನಾನು ಕೀಳಲಿಲ್ಲ. ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು, ಕಾಲನ್ನು ಪೆಡಲಿನ ಮೇಲಿಟ್ಟು ಕುಳಿತೆ.