ಅವ್ವ ಹಿಡಿದಿದ್ದ ಸಮುದ್ರ

ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆ. ಒಂದಿಷ್ಟು ತಾಳಿದರೆ ಅದರ ಅಡಿಯಿಂದ ಇನ್ನೊಂದು ವಾಸನೆ ಏಳುತ್ತದೆ, ನಾಟಕದವರು ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಬಣ್ಣದ್ದು. ಇಷ್ಟು ವರ್ಷ ಅದು ಉಳಿದಿರಲು ಸಾಧ್ಯವೇ ಎಂದು ನೀವು ಕೇಳಬಹುದು. ನನಗಂತೂ ಬಂತು. ಹೋದ ಭಾನುವಾರ ಅವ್ವನಿಗೆ ಒಂದು ಶಾಲು ಹುಡುಕುತ್ತಾ ಪೆಟ್ಟಿಗೆಗೆ ಕೈ ಹಾಕಿದ್ದೆ. ಕೈಗೆ ಸಿಕ್ಕಿದ್ದು ನೀಲಿ ಸೀರೆ.

ಶಾಲು ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಕರಾವಳಿಯ ಒಂದು ಊರಿನಲ್ಲಿ, ಕಡಲಿನ ಮೇಲಕ್ಕೆ ಚಾಚಿಕೊಂಡ ಬಂಡೆಯ ನೆತ್ತಿಯ ಮೇಲೆ, ಒಂದು ಬಯಲು ರಂಗಮಂದಿರವಿದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಮೇಲೆ ಜನ ಕೂರುತ್ತಾರೆ. ಕೆಳಗೆ, ತುದಿಯಲ್ಲಿ, ನಾಟಕ ಆಡುತ್ತಾರೆ. ಅವರ ಬೆನ್ನ ಹಿಂದೆ ಪರದೆಯಿಲ್ಲ, ಸಮುದ್ರ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೋಗಿಬಂದು ಫೋಟೋ ತೋರಿಸಿದ್ದೇ ತಡ, ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬುದು ನನ್ನ ತಲೆಗೆ ಹತ್ತಿಬಿಟ್ಟಿತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬಿಟ್ಟಿ ಬಂದದ್ದಲ್ಲ. ಆದರೆ ಹಾಗೆ ಓದಿದವರಿಗೆ ಒಂದು ಕಾಯಿಲೆಯೂ ಅಂಟಿಕೊಳ್ಳುತ್ತದೆ. ದಾರಿ ಹೇಳಿಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಎಲ್ಲವನ್ನೂ ಹತ್ತು ಸಲ ವಿಚಾರಿಸದೆ ಹೊಸಲು ದಾಟುವುದಿಲ್ಲ. ರೈಲು ವಿಚಾರಿಸಿದೆ, ರೂಮು ವಿಚಾರಿಸಿದೆ, ಸಂಜೆ ಅಲ್ಲಿ ಗಾಳಿ ಹೇಗೆ ಬೀಸುತ್ತದೆ, ಕೊಡೆ ಬಿಚ್ಚಿದರೆ ಹಿಂದಿನವರು ಬೈಯುತ್ತಾರಾ, ಅದನ್ನೂ ವಿಚಾರಿಸಿದೆ. ಅವ್ವನ ಮಂಡಿನೋವು ನೆನೆದು ಬಾಗಿಲಿಗೆ ಹತ್ತಿರದ, ಎಲ್ಲಕ್ಕಿಂತ ಮೇಲಿನ ಸಾಲು ಗೊತ್ತುಮಾಡಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ವಿಚಾರಿಸದೆ ಬಿಟ್ಟದ್ದು ಒಂದೇ, ಅವ್ವ ಬರುತ್ತಾಳಾ ಎಂಬುದು.

"ಬಂಡೆ ಮ್ಯಾಲೆ ಕೂರಕ್ಕೆ ರೈಲತ್ತಿ ಹೋಗ್ಬೇಕಾ?" ಎಂದಳು ಅವ್ವ, ಕಿಟಕಿಯತ್ತ ಕೈ ತೋರಿಸಿ. ರಾಮನಗರದಲ್ಲಿ ಯಾವ ಕಿಟಕಿ ತೆರೆದರೂ ಕಾಣುವುದು ಅದೇ. "ಇಲ್ಲೇ ಬಿದ್ದವಲ್ಲ, ಬೇಕಾದಷ್ಟು."

"ಅಲ್ಲಿ ಸಮುದ್ರ ಐತೆ ಕಣವ್ವ."

"ಎಷ್ಟೊತ್ತು ಆಡ್ತಾರೆ?"

"ಎರಡು ಗಂಟೆ."

"ಎಲ್ಡೇ ಗಂಟೆಯಾ? ನಮ್ಮೂರಲ್ಲಿ ಬಣ್ಣ ಹಚ್ಕೊಳಕ್ಕೇ ಅಷ್ಟೊತ್ತಾಗದು." ಆಮೇಲೆ, "ಅಷ್ಟು ದೂರ ಹೋಗಿ ಕೈ ಕಟ್ಕಂಡು ಕೂತ್ಕಬೇಕಾ? ನಾ ಬರಾಕಿಲ್ಲ. ನೀ ಹೋಗ್ಬುಟ್ಟು ಬಾ" ಎಂದಳು.

ಬರುವುದಿಲ್ಲ ಎಂದವಳಿಗೆ ಶಾಲು ಹುಡುಕುತ್ತಿದ್ದೆ, ನೋಡಿ. ಮೇಷ್ಟ್ರ ಕೆಲಸ ಮಾಡುವವರಿಗೆ ಇಲ್ಲ ಎಂಬ ಮಾತು ಬೇಗ ಕಿವಿಗೆ ಇಳಿಯುವುದಿಲ್ಲ.

ಈಗ ಸೀರೆಯ ವಿಷಯ. ನಮ್ಮೂರು ಕೂಟಗಲ್ ಕಡೆಯ ಹಳ್ಳಿ. ಒಕ್ಕಣೆ ಮುಗಿದು ಕೈ ಬಿಡುವಾದರೆ ಗಂಡಸರಿಗೆ ನಾಟಕದ ಹುಚ್ಚು. ಚನ್ನಪಟ್ಟಣದಿಂದ ಒಬ್ಬರು ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ನಾಟಕ ಬರೆದವರೂ ಅವರೇ, ರಾಗ ಹಾಕಿದವರೂ ಅವರೇ. ಒಬ್ಬ ರಾಜ ಸಮುದ್ರ ದಾಟಿ ಹೋಗಿ ಮಗಳನ್ನು ಕರೆತರುವ ಕಥೆ. ಮೇಷ್ಟ್ರು ಸಮುದ್ರ ನೋಡಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನಮ್ಮಪ್ಪನಿಗೆ ದೊಡ್ಡ ಗಂಟಲು, ಹಾಗಾಗಿ ಅಂಬಿಗನ ಪಾರ್ಟು ಸಿಕ್ಕಿತು. ದೋಣಿಯಲ್ಲಿ ನಿಂತು ಒಂದು ಹಾಡು ಹೇಳಬೇಕು.

ಬಾಡಿಗೆಗೆ ಬಂದ ಪರದೆಗಳಲ್ಲಿ ಅರಮನೆ ಇತ್ತು, ಕಾಡು ಇತ್ತು, ಬೀದಿ ಇತ್ತು. ಸಮುದ್ರ ಇರಲಿಲ್ಲ. ಅರಮನೆಯನ್ನೇ ಇಳಿಬಿಟ್ಟು, ಇದರ ಹಿತ್ತಲಲ್ಲೇ ಸಮುದ್ರ ಅಂತ ಹೇಳಿಬಿಡೋಣ ಎಂದು ರಾಜನ ಪಾರ್ಟಿನವನು ಸಲಹೆ ಕೊಟ್ಟ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಟ್ಟು ಎದ್ದರು. ಆಗ ಅಪ್ಪ, "ಕೂತ್ಕಳಿ ಮೇಷ್ಟ್ರೇ, ಸಮುದ್ರ ನಮ್ಮನೇಲೈತೆ" ಎಂದು ಹೇಳಿ ಬಂದ. ಅದು ಅವ್ವನ ಮದುವೆಯ ನೀಲಿ ರೇಷ್ಮೆ ಸೀರೆ. ಅವ್ವನನ್ನು ಕೇಳಿದ್ದು ಹೇಳಿ ಬಂದ ಮೇಲೆ.

ಎರಡು ತುದಿಯಲ್ಲಿ ಇಬ್ಬರು ಸೀರೆ ಹಿಡಿದು ಅಲೆಯಾಡಿಸಬೇಕು, ಅದರ ಹಿಂದೆ ಬಿದಿರು ತಟ್ಟಿಯ ದೋಣಿ ಸಾಗಬೇಕು. ತಾಲೀಮಿನ ಮೊದಲ ದಿನವೇ ಒಬ್ಬ ಹೋರಿಯ ಹಗ್ಗ ಜಗ್ಗಿದ ಹಾಗೆ ಜಗ್ಗಿದ. ಅಂಚು ಗೇಣುದ್ದ ಪರ್ ಎಂದಿತು. ದೂರದಲ್ಲಿ ಹೆಂಗಸರ ಜೊತೆ ನಿಂತಿದ್ದ ಅವ್ವ ನೇರ ಬಂದು, "ಕೊಡಿಲ್ಲಿ. ನನ್ನ ಸೀರೆ ನಾನೇ ಹಿಡ್ಕತೀನಿ" ಎಂದಳು.

ಹೆಂಗಸರು ರಂಗದ ಮೇಲೆ ಬರುವ ರೂಢಿ ನಮ್ಮಲ್ಲಿರಲಿಲ್ಲ. ಅದಕ್ಕೇ ಅವ್ವ ಪಕ್ಕದ ಪರದೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ತುದಿ ಹಿಡಿದಳು, ಆಚೆ ಮರೆಯಲ್ಲಿ ನಾನು. ಮೆಲ್ಲಗೆ ಆಡಿಸಿದರೆ ತಿಳಿಗಡಲು, ಜೋರಾಗಿ ಆಡಿಸಿದರೆ ಬಿರುಗಾಳಿ. ಊರ ಹೆಂಗಸರು ಬಿಡಲಿಲ್ಲ. "ಗಂಡ ದೋಣಿ ಬುಟ್ರೆ ಹೆಂಡ್ರು ಮುಳುಗಿಸ್ತಾಳೆ, ನೋಡ್ಕಳಿ" ಎಂದು ಬಾವಿಯ ಹತ್ತಿರ ನೀರು ಸೇದುತ್ತಾ ನಗುತ್ತಿದ್ದರು.

ಅವರು ಹೇಳಿದ್ದು ಒಂದು ಸಲ ನಿಜವೂ ಆಯಿತು. ಅಪ್ಪನ ಹಾಡಿಗೆ ಜನ ಒನ್ಸ್ ಮೋರ್ ಎಂದರು. ಅಪ್ಪ ಮತ್ತೆ ಹಾಡಿದ. ಮತ್ತೆ ಕೂಗಿದರು, ಮತ್ತೆ ಹಾಡಿದ. ಕಥೆಯಲ್ಲಿ ಇಲ್ಲದ ಬಿರುಗಾಳಿಯೊಂದು ಇದ್ದಕ್ಕಿದ್ದಂತೆ ಎದ್ದು, ಅಂಬಿಗ ಹಾಡನ್ನು ಅರ್ಧಕ್ಕೇ ಬಿಟ್ಟು ಆಚೆ ದಡ ಸೇರಬೇಕಾಯಿತು.

"ಯಾಕಮ್ಮಿ ಹಂಗೆ ಎಬ್ಬಿಸ್ದೆ?" ಎಂದ ಮನೆಗೆ ಬಂದ ಅಪ್ಪ.

"ನಿನ್ ಗಂಟ್ಲು ಸೋಲಾಕಿಲ್ಲ, ನನ್ ಕೈ ಸೋತೋದ್ವು" ಎಂದಳು ಅವ್ವ.

ಆ ನಾಟಕವನ್ನು ಮೂರ್ನಾಲ್ಕು ವರ್ಷ ಆಡಿದರು. ಪ್ರತಿ ಸಲವೂ ಸಮುದ್ರ ಅವ್ವನದೇ. ಆಮೇಲೆ ಮೇಷ್ಟ್ರು ಬರುವುದು ನಿಂತಿತು, ನಾನು ಓದಲು ಹೊರಟೆ, ಅಪ್ಪ ಈಗಿಲ್ಲ.

ಸೀರೆ ಹಿಡಿದು ಹೊರಗೆ ಬಂದೆ. ಅವ್ವ ಅಂಚನ್ನು ತಡವಿ ತಾನೇ ಹೊಲಿದಿದ್ದ ಹೊಲಿಗೆ ಹುಡುಕಿದಳು. ಸಿಕ್ಕಿತು. ಆಮೇಲೆ, "ಆ ಫೋಟೋ ಇನ್ನೊಂದ್ ಕಿತ ತೋರ್ಸು" ಎಂದಳು. ತೋರಿಸಿದೆ. ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ನಾವೆಲ್ಲಿ ಕೂರದು?"

ಮೇಲಿನ ಸಾಲು ತೋರಿಸಿ, ಮಂಡಿಯ ಲೆಕ್ಕಾಚಾರವನ್ನೆಲ್ಲ ಹೆಮ್ಮೆಯಿಂದ ಹೇಳಿದೆ.

"ಇಲ್ಲಿಂದ ಅವ್ರ ಮುಖ ಕಂಡದಾ?"

"ಒಸಿ ದೂರ ಆಯ್ತದೆ."

"ಹಂಗಾರೆ ಬರಾಕಿಲ್ಲ" ಎಂದಳು. "ಮುಖ ನೋಡ್ಬೇಕು ಕಣವ್ವ ನಾನು. ನಮ್ಮೂರ್ ನಾಟ್ಕದಲ್ಲಿ ಮರೇಲಿ ಕೂತು ಬರೀ ಹಿಮ್ಮಡಿ ನೋಡಿದ್ದೇ ಆಯ್ತು. ರಾಜಂದು ಯಾವ್ದು, ಮಂತ್ರಿದು ಯಾವ್ದು, ಹಿಮ್ಮಡೀಲೇ ಹೇಳ್ಬುಡ್ತಿದ್ದೆ. ನಿಮ್ಮಪ್ಪ ಹಾಡೋವಾಗ ಮುಖ ಹೆಂಗ್ ಮಾಡ್ತಿದ್ದ ಅಂತ ಊರೆಲ್ಲ ಹೇಳೋರು. ನಾನು ನೋಡ್ನಿಲ್ಲ."

ನಾನೂ ನೋಡಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಇನ್ನೊಂದು ತುದಿ ನನ್ನ ಕೈಯಲ್ಲಿತ್ತಲ್ಲ.

ರಂಗಮಂದಿರಕ್ಕೆ ಫೋನು ಮಾಡಿ, ವಯಸ್ಸಾದ ಅವ್ವನಿಗೆ ಎಂದು ಹೇಳಿ ಮುಂದಿನ ಸಾಲು ಕೇಳಿದೆ. "ಮೆಟ್ಟಿಲು ತುಂಬ ಇಳೀಬೇಕಾಗ್ತದೆ ಮಾರಾಯ್ರೆ, ಪ್ರಾಯ ಆದವರಿಗೆ ಕಷ್ಟ ಅಲ್ವಾ?" ಎಂದರು ಆ ಕಡೆಯವರು. ಅವ್ವನ ಕಡೆ ನೋಡಿದೆ. "ನಿಧಾನಕ್ಕೆ ಇಳೀತೀನಿ ಅನ್ನು. ಬೆಳಿಗ್ಗೇನೇ ಹೋಗಿ ಶುರು ಹಚ್ಕಳನ" ಎಂದಳು. ಮುಂದಿನ ಸಾಲೇ ಸಿಕ್ಕಿತು.

ಚೀಲ ತುಂಬುವಾಗ ಅವಳ ಬಟ್ಟೆಯ ಮೇಲೆ ನೀಲಿ ಸೀರೆಯನ್ನು ಮಡಚಿ ಇಟ್ಟೆ. ನಾನು ಓದಿಕೊಂಡವಳು, ಇಂಥದ್ದೆಲ್ಲ ಹೊಳೆಯುತ್ತದೆ. ಅದನ್ನುಟ್ಟು ನಿಜವಾದ ಸಮುದ್ರದ ಮುಂದೆ ಅವ್ವ ಕೂತ ಚಿತ್ರ ಆಗಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಅವ್ವ ಸೀರೆಯನ್ನು ತೆಗೆದು ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಒಳಗಿಕ್ಕು" ಎಂದಳು. "ಸಮುದ್ರ ಅಲ್ಲೇ ಐತೆ ಅಂತೀಯಲ್ಲ. ನಾವ್ಯಾಕೆ ತಕ್ಕೊಂಡೋಗನ?"

ಸೀರೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಶಾಲು ಇನ್ನೂ ಸಿಕ್ಕಿಲ್ಲ.